ಹಿರೇಕೆರೂರಿನಲ್ಲಿ ಬಿಟ್ಟ ಎಳೆ

ನೈಲಾನ್ ಮುಟ್ಟುವ ಮೊದಲು ಅವಳು ಅಂಗೈಗೆ ನಾಲ್ಕು ಹನಿ ಶೇಂಗಾ ಎಣ್ಣೆ ಬಿಟ್ಟುಕೊಂಡು, ಮೇಲೆ ಒಂದು ಚಿಟಿಕೆ ಸಕ್ಕರೆ ಉದುರಿಸಿ, ಎರಡೂ ಕೈಗಳನ್ನು ಗಸಗಸ ಉಜ್ಜುತ್ತಿದ್ದಳು. ಸಕ್ಕರೆ ಕರಗುವವರೆಗೆ ಉಜ್ಜಿ, ಕಡಲೆ ಹಿಟ್ಟಿನಿಂದ ತೊಳೆದು, ಒರೆಸಿಕೊಂಡು, ಬೆರಳ ತುದಿಗಳನ್ನು ತನ್ನ ಕೆನ್ನೆಯ ಮೇಲೆ ಆಡಿಸಿ ನೋಡುತ್ತಿದ್ದಳು. ಎಲ್ಲಿಯಾದರೂ ಒರಟು ತಾಗಿದರೆ ಮತ್ತೆ ಮೊದಲಿನಿಂದ. ಸೂಜಿ, ಇಸ್ತ್ರಿ, ಒಲೆಗಳ ನಡುವೆ ಸವೆದ ಕೈ ಅದು. ಆದರೆ ಕಾಲುಚೀಲದೊಳಗೆ ಇಳಿಯುವ ಹೊತ್ತಿಗೆ ಹಸುಗೂಸಿನ ಕೈಯಾಗಿರುತ್ತಿತ್ತು.

ಅವಳು ನಮ್ಮ ನಾಟಕ ಕಂಪನಿಯ ಬಟ್ಟೆಬರೆ ನೋಡಿಕೊಳ್ಳುತ್ತಿದ್ದವಳು. ಹನ್ನೊಂದು ಟ್ರಂಕುಗಳ ಕೀಲಿಕೈ ಅವಳ ಸೊಂಟದಲ್ಲಿ. ಕಂಪನಿಯವರೆಲ್ಲ ಅವಳನ್ನು ಡ್ರೆಸ್ಸಕ್ಕ ಎಂದು ಕರೆಯುತ್ತಿದ್ದೆವು. ನಾನು ಹದಿನೇಳಕ್ಕೆ ಕಂಪನಿ ಸೇರಿದೆ. ಏಳಕ್ಕೆ ಎದ್ದಿರಬೇಕು, ಎಂಟಕ್ಕೆ ಉಪ್ಪಿಟ್ಟು, ಒಂಬತ್ತಕ್ಕೆ ತಾಲೀಮು, ಐದಕ್ಕೆ ಮುಖಕ್ಕೆ ಬಣ್ಣ, ಆರೂಕಾಲಿಗೆ ಮೊದಲ ಆಟ. ಪ್ರತಿಯೊಂದಕ್ಕೂ ಗಂಟೆ ಬಾರಿಸುತ್ತಿದ್ದರು. ಕಂಪನಿ ಬಿಟ್ಟು ದಶಕಗಳಾದರೂ ನಾನು ಆ ಗಂಟೆಯ ಪ್ರಕಾರವೇ ಬದುಕುತ್ತಿದ್ದೇನೆ. ಶಿಗ್ಗಾವಿಯ ನನ್ನ ಮನೆಯಲ್ಲಿ ಒಂದು ಲೋಟವೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಆ ಶಿಸ್ತು ಅರ್ಧ ಕಂಪನಿಯದು, ಅರ್ಧ ಅವಳದು.

ಆ ಕಾಲದ ನಾಟಕಗಳಲ್ಲಿ ತುಂಡು ಲಂಗದ ಒಂದು ಕುಣಿತ ಇರಲೇಬೇಕಿತ್ತು. ಅದಕ್ಕಾಗಿ ಮಾಲಕರು ಮುಂಬಯಿಯಿಂದ ಮೈಬಣ್ಣದ ಉದ್ದನೆಯ ನೈಲಾನ್ ಕಾಲುಚೀಲ ತರಿಸುತ್ತಿದ್ದರು. ಆಗಲೇ ಹಳೆಯ ಮಾದರಿ ಅವು. ಹಿಂಭಾಗದಲ್ಲಿ ತೊಡೆಯಿಂದ ಹಿಮ್ಮಡಿಯವರೆಗೆ ಕಪ್ಪು ಹೊಲಿಗೆಯ ಒಂದು ಗೆರೆ. ಗೆರೆಯಿಲ್ಲದ ಹೊಸ ನಮೂನೆ ಬಂದಿದೆ ಎಂದು ಯಾರೋ ಹೇಳಿದಾಗ ಡ್ರೆಸ್ಸಕ್ಕ ಒಪ್ಪಲಿಲ್ಲ.

"ಗೆರಿ ಕಾಣಬೇಕು. ಗೆರಿ ಕಂಡ್ರ ಹುಡುಗಿ ಬಟ್ಟಿ ಹಾಕ್ಕೊಂಡಾಳ ಅಂತ ಹಿಂದಿನ ಕುರ್ಚ್ಯಾಗ ಕುಂತವನಿಗೂ ಗೊತ್ತಾಗತೈತಿ. ಟಿಕೀಟು ಕುಣಿತಕ್ಕ ಕೊಟ್ಟೇವಿ, ಕಾಲಿಗಲ್ಲ."

ಪ್ರವೇಶಕ್ಕೆ ಮುಂಚೆ ಪ್ರತಿ ಹುಡುಗಿಯನ್ನೂ ತಿರುಗಿ ನಿಲ್ಲಿಸುತ್ತಿದ್ದಳು. ಮಂಡಿಯ ಹಿಂದಿನ ಕುಳಿಯಿಂದ ಹಿಮ್ಮಡಿಯವರೆಗೆ ತೋರುಬೆರಳು ಎಳೆದು ಗೆರೆ ನೇರ ಮಾಡುತ್ತಿದ್ದಳು. "ಹೂಂ, ನಡಿ" ಎಂದ ಮೇಲೆಯೇ ನಾವು ರಂಗಕ್ಕೆ ಹೋಗಬೇಕು.

ನೈಲಾನಿನಲ್ಲಿ ಒಂದು ಎಳೆ ಬಿಟ್ಟರೆ ಕಾಲುದ್ದಕ್ಕೂ ಏಣಿಯಂತೆ ಬಿಚ್ಚಿಕೊಳ್ಳುತ್ತದೆ. ಸುಟ್ಟುಹೋದ ಬಲ್ಬನ್ನು ಕಾಲುಚೀಲದೊಳಗೆ ತೂರಿಸಿ, ಅದರ ನುಣುಪು ಗಾಜಿನ ಮೇಲೆ ಬಟ್ಟೆ ಬಿಗಿದು, ಕೂದಲಿನಂಥ ಕೊಕ್ಕೆಸೂಜಿಯಿಂದ ಬಿಟ್ಟ ಕುಣಿಕೆಗಳನ್ನು ಒಂದೊಂದಾಗಿ ಮೇಲಕ್ಕೆ ಏರಿಸಿ ಗಂಟು ಹಾಕುತ್ತಿದ್ದಳು. ಆಮೇಲೆ ನನ್ನ ಮುಂದೆ ಹಿಡಿದು "ಎಲ್ಲೈತಿ ಹೇಳು ನೋಡೋಣು" ಎನ್ನುವಳು. ಒಂದು ಸಲವೂ ನನಗೆ ಸಿಗಲಿಲ್ಲ. ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಹೆಮ್ಮೆ ಪಡಲು ಇದ್ದದ್ದು ಆ ಹೊಲಿಗೆ.

ಹಿರೇಕೆರೂರಿನ ಕ್ಯಾಂಪು ಬೇಸಿಗೆಯಲ್ಲಿ ಬಿತ್ತು. ತಗಡಿನ ಥೇಟರು, ಒಳಗೆ ಸಾವಿರ ವ್ಯಾಟಿನ ದೀಪಗಳು. ನೈಲಾನ್ ಬೆವರಿಗೆ ಅಂಟಿ, ಬಿಚ್ಚುವಾಗ ಚರ್ಮವೇ ಬಂದಂತಾಗುತ್ತಿತ್ತು. ತೊಡೆಯ ರಬ್ಬರ್ ಪಟ್ಟಿಯ ಕೆಳಗೆಲ್ಲ ಬೆವರುಸಾಲೆ. ಡ್ರೆಸ್ಸಕ್ಕ ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದಳು. ಕಾಲುಚೀಲಗಳನ್ನು ಮಡಕೆಯ ನೀರಿನಲ್ಲಿ ಅದ್ದಿ, ಹಿಂಡದೆ, ನೆರಳಿಗೆ ಹಾಕಿ, ಇನ್ನೂ ತಂಪಿರುವಾಗಲೇ ತೊಡಿಸಿದಳು. ಮಂಡಿಯ ಹಿಂದೆ ಪೌಡರ್ ಬಡಿದಳು. ಉದ್ದ ಲಂಗದ ಪಾತ್ರದವರಿಗೆ ಮಂಡಿಯ ಕೆಳಗೇ ಸುರುಳಿ ಸುತ್ತಿ ನಿಲ್ಲಿಸಿದಳು. ಕೊನೆಗೆ ಬನಿಯನ್ ಬಟ್ಟೆಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಕುದಿಸಿ ಮೈಬಣ್ಣ ಬರಿಸಿ, ನನ್ನ ಅಳತೆಗೆ ಹತ್ತಿಯ ಕಾಲುಚೀಲ ಹೊಲಿದಳು. ಹಿಂದೆ ಕಪ್ಪು ದಾರದ ಗೆರೆಯನ್ನೂ ಮರೆಯಲಿಲ್ಲ. ನಿಜ ಹೇಳಬೇಕೆಂದರೆ ಅದು ತಂಪಾಗಿತ್ತು. ಆದರೆ ಮಂಡಿಯಲ್ಲಿ ನೆರಿಗೆ ಬೀಳುತ್ತಿತ್ತು.

ನಾನು ಅದನ್ನು ತೊಟ್ಟು ತಾಲೀಮಿಗೆ ಬಂದಾಗ ಹಾಸ್ಯಪಾತ್ರದವನು ಬಾಗಿಲಲ್ಲೇ ಕೈ ಅಡ್ಡ ಹಿಡಿದು ಕೂಗಿದ. "ಸರೀರೆಪ್ಪೋ ಸರೀರಿ, ಆನಿ ಬಂತು!"

ಎಲ್ಲರೂ ನಕ್ಕರು. ಡ್ರೆಸ್ಸಕ್ಕನೂ ನಕ್ಕಳು. "ನಗಲೇಳು. ಅವಗ ತೊಡಿಸಿದ್ರ ಆನಿನೂ ನಾಚತೈತಿ" ಎಂದಳು. ನಾನು ಮಾತ್ರ ನಗಲಿಲ್ಲ. ನನಗಾಗ ಇಪ್ಪತ್ತು, ಕಂಪನಿಯ ನಾಯಕಿ. ಹತ್ತಿಯದು ಬೇಡ ಎಂದೆ.

"ಹಂಗಾರ ನೈಲಾನ್ ಹಾಕ್ಕೊ."

"ಸೆಕಿಗೆ ಸಾಯತೇನಿ ಅಕ್ಕಾ. ಬರಿಗಾಲ್ಲೆ ಹೋಗತೇನಿ ಬಿಡು."

"ಬ್ಯಾಸಿಗಿ ನಿನಗೊಬ್ಬಾಕಿಗೇ ಬಂದಿಲ್ಲ. ನನ್ನ ಕೈಯಾಗ ಟ್ರಂಕಿನ ಕೀಲಿ ಇರೂತನ ಬರಿಗಾಲು ನಡಿಯಂಗಿಲ್ಲ."

ಮೂರು ದಿನ ಸಹಿಸಿದೆ. ನಾಲ್ಕನೆಯ ಸಂಜೆ ಕುಣಿತಕ್ಕೆ ಇನ್ನೇನು ಎರಡು ನಿಮಿಷ ಇದೆ ಎನ್ನುವಾಗ, ಪರದೆಯ ಹಿಂದೆ ಒಬ್ಬಳೇ ಇದ್ದೆ. ತಲೆಯಿಂದ ಒಂದು ಪಿನ್ನು ಕಿತ್ತೆ. ಎಡಗಾಲಿನ ಮೀನಖಂಡದ ಮೇಲೆ ಅವಳು ಹಿಂದಿನ ದಿನವಷ್ಟೇ ಹೊಲಿದ ಜಾಗ ಎಲ್ಲಿ ಎಂದು ಕೇಳಿ ತಿಳಿದುಕೊಂಡಿದ್ದೆ. ಅದರ ಎರಡು ಬೆರಳು ಪಕ್ಕಕ್ಕೆ ಪಿನ್ನು ಚುಚ್ಚಿ ಎಳೆದೆ. ಎಳೆ ಹಿಮ್ಮಡಿಯವರೆಗೆ ಸರ್ರನೆ ಓಡಿತು. ಆ ಸಣ್ಣ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

"ಅಕ್ಕಾ, ನಿನ್ನ ಹೊಲಿಗಿ ಬಿಡ್ತು!"

ಅವಳು ಓಡಿ ಬಂದು ಮಂಡಿಯೂರಿ ಕೂತಳು. ಬೇರೆ ಜೋಡಿ ಇನ್ನೂ ನೀರು ಸೋರುತ್ತ ಹಗ್ಗದ ಮೇಲಿತ್ತು. ಹತ್ತಿಯದನ್ನು ತರಲು ಎದ್ದಳು. ಅಷ್ಟರಲ್ಲಿ ಗಂಟೆ ಆಯಿತು. "ಹೊತ್ತಿಲ್ಲ" ಎಂದು ನಾನೇ ಎರಡನ್ನೂ ಕಿತ್ತೆಸೆದು ರಂಗಕ್ಕೆ ನುಗ್ಗಿದೆ. ಅವಳು ಹರಿದದ್ದನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಳು.

ಮುಂದಿನ ಸಾಲಿನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಮೇಲೆ ಶಿಳ್ಳೆ. ನಾನು ಮೂರು ವರ್ಷದಲ್ಲಿ ಕೇಳಿದ ಶಿಳ್ಳೆಯಲ್ಲ ಅದು. ಕಾಲಿಗೆ ಗಾಳಿ ತಾಗುತ್ತಿತ್ತು. ಆದರೂ ಸೆಕೆ ಹೆಚ್ಚಾದಂತೆ ಅನಿಸಿತು.

ಮೊದಲ ಆಟ ಮುಗಿದ ಕೂಡಲೇ ಮಾಲಕರು ಇಬ್ಬರನ್ನೂ ಕರೆಸಿದರು. "ಏನಾತು?" ಎಂದು ನನ್ನನ್ನು ಕೇಳಿದರು.

"ಹೊಲಿಗಿ ಬಿಡ್ತರಿ" ಎಂದೆ. ನೆಲ ನೋಡುತ್ತ ಹೇಳಿದೆ.

ಡ್ರೆಸ್ಸಕ್ಕ ಕೂಡಲೇ ಮುಂದೆ ಬಂದಳು. "ಆಕೀದೇನೂ ತಪ್ಪಿಲ್ಲರಿ ಮಾಲಕರ. ನನ್ನ ಕಣ್ಣು ಸೋತಾವ ಕಾಣತೈತಿ. ನಾಳಿಂದ ಎರಡೆರಡು ಸಲ ನೋಡತೇನಿ."

"ನೋಡೋದೇನೂ ಬ್ಯಾಡವಾ. ಶಿಳ್ಳಿ ಕೇಳಿದಿಲ್ಲ? ನಾಳಿಂದ ಯಾರಿಗೂ ಕಾಲುಚೀಲ ಬ್ಯಾಡ. ಹಂಗ ಕುಣೀಲಿ."

"ಮಾಲಕರ, ಹುಡುಗ್ಯಾರು ಮರ್ಯಾದಿಲೆ..."

"ಮೊದಲ ನಿನ್ನ ಹೊಲಿಗಿ ನೆಟ್ಟಗ ಮಾಡ್ಕೊ. ಆಮ್ಯಾಲೆ ನನಗ ಹೇಳು."

ಅವಳು ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡಳು. ಆ ಮಾತಿಗೆ ಉತ್ತರ ನನ್ನಲ್ಲಿತ್ತು. ನಾನು ಬಾಯಿ ತೆರೆದಿದ್ದರೆ ಒಂದು ದಿನದ ಪಗಾರ ಹೋಗುತ್ತಿತ್ತು, ನಾಲ್ಕು ಬೈಗುಳ ಬೀಳುತ್ತಿದ್ದವು, ಅಷ್ಟೇ. ಸುಮ್ಮನೆ ನಿಂತೆ.

ಮರುದಿನದಿಂದ ಆರೂ ಹುಡುಗಿಯರು ಬರಿಗಾಲಿನಲ್ಲಿ ಕುಣಿದೆವು. ಎಲ್ಲರಿಗಿಂತ ಚಿಕ್ಕವಳು ಪ್ರತಿ ಆಟದ ನಂತರ ಕಾಲು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ನಾನು ಅವಳ ಕಡೆ ನೋಡುತ್ತಿರಲಿಲ್ಲ. ಕ್ಯಾಂಪು ಮುಗಿದ ದಿನ ಡ್ರೆಸ್ಸಕ್ಕ ಕೀಲಿಕೈ ಗೊಂಚಲನ್ನು ಮಾಲಕರ ಮೇಜಿನ ಮೇಲಿಟ್ಟು, ಸವಣೂರಿನ ತಂಗಿಯ ಮನೆಗೆ ಹೊರಟಳು. "ಕಣ್ಣು ಕಾಣದಾಕಿಗೆ ಸೂಜಿ ಯಾಕ?" ಎಂದಳು. ಬಸ್ಸಿನ ಕಿಟಕಿಯಿಂದ ನನ್ನನ್ನು ಕರೆದು, "ಬೆವರುಸಾಲಿಗೆ ಗಂಧ ಹಚ್ಕೊ" ಎಂದಳು. ನನಗೆ ಅವಳು ಹೇಳಿದ ಕೊನೆಯ ಮಾತು ಅದೇ ಎಂದು ಬಹಳ ವರ್ಷ ಅಂದುಕೊಂಡಿದ್ದೆ.

ಮುಂದಿನ ಕ್ಯಾಂಪು ಹಾನಗಲ್ಲಿನಲ್ಲಿ. ಪ್ರವೇಶಕ್ಕೆ ಕಾಯುತ್ತ ನಿಂತಿದ್ದೆ. ಹಿಂದಿನಿಂದ ಒಂದು ಬೆರಳು ನನ್ನ ಬರಿಗಾಲಿನ ಮೇಲೆ ಮಂಡಿಯ ಕುಳಿಯಿಂದ ಹಿಮ್ಮಡಿಯವರೆಗೆ ನಿಧಾನವಾಗಿ ಇಳಿಯಿತು. ತಿರುಗಿದೆ. ಯಾರೂ ಇರಲಿಲ್ಲ. ಹಾಡಿನ ಮೊದಲ ಸಾಲು ತಪ್ಪಿದೆ. ಎರಡು ವರ್ಷದೊಳಗೆ ಕಂಪನಿಯನ್ನೇ ಬಿಟ್ಟೆ. ಬೆರಳು ಬಿಡಲಿಲ್ಲ. ತಡಸದ ಬಸ್ ನಿಲ್ದಾಣದಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಹಾಡುಹಗಲಲ್ಲಿ ಅದು ಬರುತ್ತದೆ. ಅವಳು ಬದುಕಿದ್ದಾಗಲೂ ಬರುತ್ತಿತ್ತು, ಆದ್ದರಿಂದ ದೆವ್ವವೆನ್ನಲಾರೆ. ಡಾಕ್ಟರು ನರ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.

ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮೊಮ್ಮಗಳು ಧಾರವಾಡದಿಂದ ಬಂದಿದ್ದಳು. ಕಾಲೇಜಿನ ಕಾರ್ಯಕ್ರಮಕ್ಕೆಂದು ಫೋನಿನಲ್ಲಿ ತರಿಸಿದ್ದ ಹೊಸ ಕಾಲುಚೀಲ ತೊಟ್ಟು ತೋರಿಸಿದಳು. ಮೈಬಣ್ಣ, ಹಿಂದೆ ಕಪ್ಪು ಗೆರೆ.

"ಹಳೇ ಕಾಲದ ಸ್ಟೈಲು ಅಜ್ಜಿ, ಈಗ ಮತ್ತ ಬಂದೈತಿ. ಆದ್ರ ಈ ಸೆಕ್ಯಾಗ ಹಾಕ್ಕೊಳಾಕ ಆಗವಲ್ದು ನೋಡ್ರಿ."

ಒದ್ದೆ ಮಾಡಿ ನೆರಳಿಗೆ ಹಾಕು ಎಂದೆ. ಪೌಡರ್ ಎಲ್ಲಿ ಹಚ್ಚಬೇಕು, ಸುರುಳಿ ಎಲ್ಲಿ ನಿಲ್ಲಿಸಬೇಕು, ಅದೂ ಆಗದಿದ್ದರೆ ಬನಿಯನ್ ಬಟ್ಟೆಗೆ ಚಹಾದ ಬಣ್ಣ ಹಾಕುವುದು ಹೇಗೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹುಡುಗಿ ಕಣ್ಣರಳಿಸಿದಳು.

"ನಿಮಗ ಇದನ್ನೆಲ್ಲ ಯಾರು ಕಲಿಸಿದ್ರು?"

ಕಂಪನಿಯಲ್ಲಿ ಕಲಿತೆ ಎಂದಷ್ಟೇ ಹೇಳಿದೆ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಸವಣೂರಿಗೆ ಹೋದೆ.

ಡ್ರೆಸ್ಸಕ್ಕನ ತಂಗಿಯ ಮಗನ ಮನೆ. ಸೊಸೆ ಬಾಗಿಲು ತೆಗೆದಳು. ಡ್ರೆಸ್ಸಕ್ಕ ಹೊರಸಿನ ಮೇಲೆ ಒರಗಿದ್ದಳು, ಒಣಗಿದ ಕಾಳಿನ ಹಾಗೆ ಚಿಕ್ಕವಳಾಗಿದ್ದಳು. ನನ್ನ ಹೆಜ್ಜೆ ಕೇಳಿಯೇ ಅಂದಳು, "ಯಾರು, ನಮ್ಮ ನಾಯಕಿ ಏನು? ನಡಿಗಿ ಇನ್ನೂ ಗಡಿಬಿಡೀನ ಐತಲ್ಲ."

ನಲವತ್ತು ವರ್ಷ ಏನು ಮಾಡಿದೆ ಎಂದು ಕೇಳಿದೆ. ಹತ್ತಿಮತ್ತೂರಿನ ಹೊಲಗಳಿಗೆ ಕೂಲಿಗೆ ಹೋದಳಂತೆ. ಆಮೇಲೆ ಮದುವೆ ಮನೆಗಳಲ್ಲಿ ರೊಟ್ಟಿ ಬಡಿದಳಂತೆ. ಸೊಸೆ ಮಧ್ಯೆ ಬಾಯಿ ಹಾಕಿ ನಕ್ಕಳು. "ಒಂದು ಗುಂಡಿ ಹಚ್ಚಿಕೊಡ್ರಿ ಅಂದ್ರೂ ಹಚ್ಚಿಲ್ಲರಿ. ನನ್ನ ಕಣ್ಣು ಹಿರೇಕೆರೂರಾಗ ಹೋದ್ವು ಅಂತಾರ. ಆದ್ರ ಮೊನ್ನಿ ಮೊನ್ನಿತನಕ ಅಕ್ಕಿಯಾಗಿನ ಹಳ್ಳು ಇವರ ಆರಿಸ್ತಿದ್ರು ನೋಡ್ರಿ!"

ಸೊಸೆ ಚಹಾ ಮಾಡಲು ಒಳಗೆ ಹೋದಳು. ನಾನು ಹೊರಸಿನ ಬದಿಗೆ ನೆಲದ ಮೇಲೆ ಕೂತೆ.

"ಅಕ್ಕಾ, ಅವತ್ತು ನಿನ್ನ ಹೊಲಿಗಿ ಬಿಟ್ಟಿರಲಿಲ್ಲ. ನಾನ ಪಿನ್ನು ಹಾಕಿ ಹರಿದೆ."

ಅವಳು ಸೀರೆಯ ಅಂಚನ್ನು ಬೆರಳಿನಿಂದ ಎಳೆದು ನೇರ ಮಾಡಿದಳು. ಕೇಳಿಸಿತೋ ಇಲ್ಲವೋ ಎಂದುಕೊಂಡೆ.

"ಎಲ್ಲಿ ಹರಿದಿ?"

"ಎಡಗಾಲು. ನಿನ್ನ ಹೊಲಿಗಿಗಿಂತ ಎರಡು ಬೆರಳು ಬಾಜೂಕ."

"ಅಂದ್ರ ನನ್ನ ಹೊಲಿಗಿ ಹಂಗ ಇತ್ತು."

"ಹಂಗ ಇತ್ತು ಅಕ್ಕಾ."

"ನಾ ತಿರುಗಿ ನೋಡಲೇ ಇಲ್ಲ. ನಾಚಿಕಿ ಬಂದು ಅವತ್ತ ಒಲಿಗೆ ಹಾಕಿದ್ನಿ." ಕೈ ಎತ್ತಿ ಕಣ್ಣುಗಳ ಹತ್ತಿರ ಹಿಡಿದು ಬೆರಳುಗಳನ್ನು ನೋಡಿಕೊಂಡಳು. "ನನ್ನ ಕಣ್ಣು ಚಲೋ ಇದ್ವು ಹಂಗಾರ."

"ಚಲೋ ಇದ್ವು."

"ಒಂದು ಕಾರ್ಡು ಬರೀಬಾರದಿತ್ತೇನು?"

ನಾನು ಅವಳ ಪಾದ ಹಿಡಿದೆ. ಅವಳು ಪಾದ ಎಳೆದುಕೊಂಡಳು, ಸಿಟ್ಟಿನಿಂದಲ್ಲ, ಸೆಕೆಗೆ ಹೊದಿಕೆ ಸರಿಸಿದ ಹಾಗೆ. ಗೋಡೆಯ ಕಡೆ ಹೊರಳಿದಳು. ಚಹಾ ಬಂತು, ಆರಿತು. "ಹೋಗು ಇನ್ನ" ಎಂದಳು. ಹೋದೆ.

ಎಂಟನೆಯ ದಿನ ಸೊಸೆಯ ಫೋನು ಬಂತು, ಡ್ರೆಸ್ಸಕ್ಕ ತೀರಿಕೊಂಡಳೆಂದು. ಮಣ್ಣಿಗೆ ಹೋಗಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ವಿಷಯ ಅವಳು ಮನೆಯಲ್ಲಿ ಎತ್ತಿರಲೇ ಇಲ್ಲವಂತೆ. ಆದರೆ ಆ ಎಂಟು ದಿನಗಳಲ್ಲಿ ಒಂದು ದಿನ ಸೂಜಿ ದಾರ ಕೇಳಿದಳಂತೆ. ದಾರ ಪೋಣಿಸಲು ಬಹಳ ಹೊತ್ತು ಪ್ರಯತ್ನಪಟ್ಟಳಂತೆ. ಆಗಲಿಲ್ಲವಂತೆ. ಈ ಸಲ ಕಣ್ಣು ನಿಜವಾಗಿಯೂ ಹೋಗಿದ್ದವು.

ಮಾಲಕರು ಇಲ್ಲ. ಕಂಪನಿ ಇಲ್ಲ. ಆ ಕ್ಯಾಂಪಿನಲ್ಲಿ ಇದ್ದವರಲ್ಲಿ ಯಾರು ಎಲ್ಲಿದ್ದಾರೋ ಗೊತ್ತಿಲ್ಲ. ಅವರಲ್ಲೊಬ್ಬರು ಇದನ್ನು ಓದಿದರೆ ಇಷ್ಟು ತಿಳಿದಿರಲಿ: ಆ ಕೈ ಸೋತಿರಲಿಲ್ಲ. ಸುಳ್ಳು ಹೇಳಿದವಳು ನಾನು.