ಮೂರು ದಿನ ಕದಲದ ಕಲೆ

ಸೂರ್ಯನನ್ನು ನೋಡುವುದೇ ನೌಕರಿ ಎಂದರೆ ಕಂಪ್ಲಿಯ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಬಿಸಿಲಲ್ಲಿ ನಿಲ್ಲುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೇನು ಎಂದು ನಕ್ಕರು. ನಂಬಿದವಳು ಅಕ್ಕ ಒಬ್ಬಳೇ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಅವಳು, ನನಗೆ ಅಡುಗೆ ಮಾಡಿ ಹಾಕಲು ಸಂಡೂರಿನ ಬೆಟ್ಟ ಹತ್ತಿ ಬಂದಳು.

ಅಲ್ಲಿ ಒಂದು ಸಣ್ಣ ದೂರದರ್ಶಕವಿತ್ತು. ದಿನಾ ಬೆಳಿಗ್ಗೆ ಅದರಿಂದ ಸೂರ್ಯನ ಬಿಂಬವನ್ನು ಹಾಳೆಯ ಮೇಲೆ ಬೀಳಿಸಿ, ಕಂಡ ಕಪ್ಪು ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಬೇಕು. ಒಂದು ಪ್ರತಿ ನನ್ನಲ್ಲಿಟ್ಟುಕೊಂಡು, ಹಾಳೆಯನ್ನು ಹೊಸಪೇಟೆಯ ರೈಲಿನಲ್ಲಿ ದೂರದ ದೊಡ್ಡ ವೀಕ್ಷಣಾಲಯದ ಮುಖ್ಯಸ್ಥನಾದ ಇಂಗ್ಲಿಷ್ ದೊರೆಗೆ ಕಳಿಸಬೇಕು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಸೋಮವಾರ ಹೊಸ ಕಲೆಯೊಂದು ಕಂಡಿತು. ಅರ್ಧ ತುಂಬಿದ ಕೊಡ ತುಳುಕದೆ ಇದ್ದೀತೇ? ಮೂರು ದಿನ ಅದನ್ನು ಬರೆದು ಬರೆದು ಕಳಿಸಿದೆ.

ನಾಲ್ಕನೆಯ ದಿನ ಅಕ್ಕಿ ಆರಿಸುತ್ತ ಕೂತಿದ್ದ ಅಕ್ಕ, ಪಕ್ಕದಲ್ಲಿ ಹರಡಿದ್ದ ಪ್ರತಿಗಳನ್ನು ನೋಡಿದಳು.

"ಉಳಿದಾವೆಲ್ಲ ದಿನಾ ಒಂದೀಟ ಸರದಾವ. ಇದೊಂದು ಯಾಕ ಇದ್ದಲ್ಲೇ ಐತಿ?"

ಸೂರ್ಯ ತನ್ನ ಸುತ್ತ ತಾನು ತಿರುಗುತ್ತಾನೆ, ಕಲೆಗಳೂ ಅವನೊಂದಿಗೆ ಸರಿಯಲೇಬೇಕು. ಇದನ್ನು ಕಾಲೇಜಿನಲ್ಲಿ ಓದಿದವನು ನಾನು, ಶಾಲೆಯ ಮೆಟ್ಟಿಲು ಹತ್ತದವಳು ಅವಳು. ಓಡಿಹೋಗಿ ಮಸೂರ ಬಿಚ್ಚಿದರೆ ಅಲ್ಲಿ ಸಂಡೂರಿನ ಕೆಂಪು ಧೂಳಿನ ಒಂದು ಕಣ.

ಒರೆಸಿ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೂರ್ಯನ ಕಲೆಗಳು ತಾವಾಗಿಯೇ ಅಳಿಯುತ್ತವೆ. ಇದೂ ಅಳಿಯಿತು ಎಂದು ಬರೆದರಾಯಿತು. ಅಕ್ಕನಿಗೂ ಹಾಗೇ ಹೇಳಿದೆ.

"ಹುಟ್ಟಲಾರದ್ದು ಹೆಂಗ ಸಾಯ್ತೈತಲೇ?" ಎಂದಳು.

ನಾಚಿಕೆಯಾಗಿ ದೊರೆಗೆ ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆ ಬರೆದೆ. ಆದರೆ ತಪ್ಪನ್ನು ಕಂಡುಹಿಡಿದವರು ಯಾರು ಎನ್ನುವಲ್ಲಿ, ಅಕ್ಕಿ ಆರಿಸುತ್ತಿದ್ದ ನನ್ನ ಅಕ್ಕ ಎಂದು ಬರೆಯಲು ಕೈ ಏಳಲಿಲ್ಲ. ನಾನೇ ಕಂಡೆ ಎಂದು ಬರೆದೆ. ಆದದ್ದನ್ನೆಲ್ಲ ಬರೆದೆಯಾ ಎಂದು ಅವಳು ಕೇಳಿದಳು. ಹೂಂ ಅಂದೆ.

ಹದಿನೈದು ದಿನ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಉತ್ತರ ಬಂತು. ನೌಕರಿ ಕಾಯಂ, ಇಂಥ ಚುರುಕು ಕಣ್ಣಿನವರೇ ಈ ಕೆಲಸಕ್ಕೆ ಬೇಕು ಎಂದು ದೊರೆ ಬರೆದಿದ್ದರು.

ಮುಂದೆ ಮೂವತ್ತು ವರ್ಷ ನಾನು ಸೂರ್ಯನ ಅನ್ನ ಉಂಡೆ. ಅದರ ಒಂದೊಂದು ತುತ್ತಿಗೂ ಅಕ್ಕನಿಗೆ ಋಣಿ. ಈ ಮಾತನ್ನು ಅವಳು ಬದುಕಿರುವಾಗ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅಂದು ದೊರೆಯ ಆ ಕಾಗದವನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಒಳಗೆ ಹೋಗಿ ಬೆಲ್ಲ ತಂದು ನನ್ನ ಬಾಯಿಗಿಟ್ಟಳು.

"ನಿನ್ನ ಕಣ್ಣು ಭಾಳ ಚುರುಕು ಅಂತ ನಾ ಮೊದಲಿಂದ ಹೇಳ್ತಿದ್ದೆ," ಎಂದಳು.