ಮನೆ ಮಾಲೀಕ ಬೆವರಿದ್ದು

ಕ್ರೋಯ್ಡನ್ನಿನ ನಮ್ಮ ಬಾಡಿಗೆ ಮನೆಯಲ್ಲಿ ಆ ಚಳಿಗಾಲ ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತು, ಹಿಂದೆಯೇ ಕೂರುವ ಕೋಣೆಯ ಗ್ಯಾಸ್ ಹೀಟರೂ ಕೈಕೊಟ್ಟಿತು. ಮನೆಯೊಳಗೂ ಕೋಟು ಹಾಕಿಕೊಂಡೇ ಓಡಾಡುತ್ತಿದ್ದೆವು. ಫೋನ್ ಮಾಡಿ ಮಾಡಿ ನನಗೆ ಸಾಕಾದ ಮೇಲೆ ಮನೆ ಮಾಲೀಕ, ಒಬ್ಬ ಇಂಗ್ಲಿಷ್ ಮುದುಕ, ನೋಡಲು ಬಂದ. ಧಾರವಾಡದಿಂದ ಬಂದಿದ್ದ ನನ್ನ ಅತ್ತೆ, "ಮನೀಗೆ ಬಂದವ್ರನ್ನ ಹಂಗ ಕಳಸಬಾರ್ದವಾ" ಎನ್ನುತ್ತ ಅವನಿಗೆ ಬಿಸಿ ಬಿಸಿ ಮಿರ್ಚಿ ಭಜಿ ಕರಿದು ಕೊಟ್ಟರು. ತಿನ್ನುತ್ತಿದ್ದಂತೆ ಆಸಾಮಿಯ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರಿಳಿಯಿತು. ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡು, "ಮನೆ ಬೆಚ್ಚಗೇ ಇದೆಯಲ್ಲ" ಎಂದು ಹೊರಟೇಹೋದ.

ಮುಂದಿನ ವಾರ ಮತ್ತೆ ಕರೆಸಿದೆ. ಈ ಸಲ ಉಪಚಾರ ನನ್ನದು: ದೊಡ್ಡ ಲೋಟದ ತುಂಬ ಫ್ರಿಜ್ಜಿನಲ್ಲಿಟ್ಟಿದ್ದ ಮಜ್ಜಿಗೆ. ಅತ್ತೆ ಬಿಡದೆ ಇನ್ನೊಂದು ಲೋಟ ಬಗ್ಗಿಸಿದರು. ಅದು ಮುಗಿಯುವ ಮೊದಲೇ ಅವನು ನಡುಗುವ ಕೈಯಲ್ಲಿ, ನಮ್ಮ ಫೋನಿನಿಂದಲೇ, ರಿಪೇರಿಯವನನ್ನು ಕರೆದ.