ಸೋಮವಾರ ಕಟ್ಟಿದ ಗಾಡಿ

ಪುರಸಭೆಯ ಇಂಜಿನಿಯರ್ ಬರುವ ದಿನ ಬೆಳಗ್ಗೆ ನನಗೆ ತಿಂಡಿ ಇಳಿಯಲಿಲ್ಲ. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಶ್ರಮದಾನದ ಪುಸ್ತಕವನ್ನು ಮೂರನೆಯ ಸಲ ಓದುತ್ತಿದ್ದೆ. ಎಲ್ಲ ಪುಟಗಳಲ್ಲೂ ಒಂದೇ ಶಾಯಿ, ಒಂದೇ ಅಳತೆಯ ಅಕ್ಷರ. ಅದನ್ನು ನೋಡಿದಷ್ಟೂ ಹೆದರಿಕೆ ಹೆಚ್ಚಾಯಿತು.

ನಮ್ಮ ಬೀದಿ ಮಳವಳ್ಳಿಯ ಅಂಚಿನಲ್ಲಿದೆ. ಕೊನೆಯ ಮನೆ ದಾಟಿದರೆ ಕಬ್ಬಿನ ಗದ್ದೆ. ಅಲ್ಲಿದ್ದ ತಗ್ಗು ಜಾಗದಲ್ಲಿ ಮಕ್ಕಳು ಓದಿಕೊಳ್ಳಲು ಒಂದು ಕೊಠಡಿ ಬೇಕೆಂದು ಬೀದಿಯವರು ಪುರಸಭೆಗೆ ಅರ್ಜಿ ಕೊಟ್ಟಿದ್ದರು. ಎಂ.ಎ. ಓದಿದವಳೆಂದು ಅರ್ಜಿಯನ್ನು ನನ್ನಿಂದಲೇ ಬರೆಸಿದರು. ಅನುದಾನಕ್ಕೊಂದು ಷರತ್ತಿತ್ತು. ತಗ್ಗಿಗೆ ಮಣ್ಣು ತುಂಬುವ ಕೆಲಸವನ್ನು ಹದಿನೈದು ದಿನ ನಾವೇ ಕೂಲಿಯಿಲ್ಲದೆ ಮಾಡಬೇಕು; ಯಾರು ಏನು ಮಾಡಿದರೆಂದು ಅಂದಂದೇ ಪುಸ್ತಕದಲ್ಲಿ ಬರೆದಿಡಬೇಕು. ಅದೂ ನನ್ನ ಪಾಲಿಗೇ ಬಂತು. ಪುಸ್ತಕ ಸರಿಯಿದ್ದರೆ ಎರಡನೆಯ ಕಂತು ಬಂದು ಚಾವಣಿ ಬೀಳುತ್ತದೆ. ಸುಳ್ಳೆಂದು ಕಂಡರೆ ಮೊದಲ ಕಂತೂ ವಾಪಸ್.

ಜನ ಕೆಲಸ ಮಾಡಿದ್ದು ನಿಜ. ದೊಡ್ಡಪ್ಪ ತಮ್ಮ ಜೋಡೆತ್ತಿನ ಗಾಡಿಯಲ್ಲಿ ಮಣ್ಣು ತಂದು ಸುರಿದರು, ಹೆಂಗಸರು ಮಂಕರಿಯಲ್ಲಿ ಹೊತ್ತು ಹರಡಿದರು. ಆದರೆ ನಾನು ಮಂಡ್ಯದ ಕಚೇರಿಗೆ ಬಸ್ಸು ಹತ್ತುವಾಗ ಅವರಿನ್ನೂ ಶುರುಮಾಡಿರುತ್ತಿರಲಿಲ್ಲ, ಹಿಂದಿರುಗುವಾಗ ಮುಗಿಸಿರುತ್ತಿದ್ದರು. ಮನೆಮನೆಗೆ ಹೋಗಿ ಕೇಳುವುದು ನನ್ನಿಂದಾಗಲಿಲ್ಲ. ಕೊನೆಗೆ ಒಂದು ಭಾನುವಾರ ಕೂತು, ಸ್ಕೇಲಿನಲ್ಲಿ ಗೆರೆ ಎಳೆದು, ಹದಿನೈದು ದಿನವನ್ನೂ ಒಟ್ಟಿಗೇ ತುಂಬಿಬಿಟ್ಟೆ. ‘ಮೇಲಿನ ವಿವರ ನಿಜ’ ಎಂದು ಸಹಿ ಹಾಕಿದೆ.

ಹತ್ತು ಗಂಟೆಗೆ ಇಂಜಿನಿಯರ್ ಬಂದರು. ಚಾವಣಿಯಿಲ್ಲದ ಗೋಡೆಗಳ ನಡುವೆ ಇಟ್ಟಿಗೆ ರಾಶಿಯ ಮೇಲೆ ಕೂತು ಪುಸ್ತಕ ತೆರೆದರು. ಪುಟ ಮಗುಚುತ್ತಿದ್ದ ಕೈ ನಿಂತಿತು.

“ಏನಮ್ಮ, ಸೋಮವಾರಾನೂ ಗಾಡಿ ಕಟ್ಟಿದ್ರಾ?”

ಮೊದಲು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಮ್ಮ ಕಡೆ ಸೋಮವಾರ ಬಸವನ ದಿನ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಪ್ರತಿ ಸೋಮವಾರ ಬಸ್ಸಿಗೆ ಹೋಗುವಾಗ ದೊಡ್ಡಪ್ಪ ಎತ್ತುಗಳ ಮೈ ತೊಳೆಯುವುದನ್ನು ನೋಡುತ್ತಲೇ ಬೆಳೆದವಳು ನಾನು. ಗೆರೆ ಎಳೆಯುವಾಗ ಅದು ನೆನಪಿಗೇ ಬಂದಿರಲಿಲ್ಲ.

“ನಮ್ದೂ ಆತಗೂರು ಕಡೆ ಕಣಮ್ಮ. ಎತ್ತು ಕಟ್ಟಿದ ಮನೇನೇ,” ಎಂದರು ಇಂಜಿನಿಯರ್.

ಬಾಗಿಲ ಬಳಿ ನಿಂತಿದ್ದ ದೊಡ್ಡಪ್ಪನಿಗೆ ಕೇಳಿಸದಿರಲಿ ಎಂದುಕೊಂಡೆ. ಕೇಳಿಸಿತು.

“ಯಾವನ್ಲಾ ಅವ್ನು, ಸೋಮಾರ ಎತ್ತು ಕಟ್ದೋನು?”

“ನಿಮ್ಮ ಹೆಸರೇ ಇದೆಯಲ್ಲ ಯಜಮಾನ್ರೆ.”

“ನಂದಾ? ನಾನೇನ್ ಮನ್ಸ ಅಲ್ವಾ? ನಾಳೆ ಊರಲ್ಲಿ ಮಕ ಎತ್ಕೊಂಡು ತಿರುಗ್ಬೇಕೋ ಬ್ಯಾಡ್ವೋ? ಯಾವ ಬೇಕೂಫ ಬರ್ದೋನು?”

ಮಂಕರಿ ಹಿಡಿದು ನಿಂತಿದ್ದ ಎದುರುಮನೆಯಾಕೆ, “ನಿಮ್ ತಮ್ಮನ ಮಗ್ಳೇ ಬರ್ದಿರಾದು ಬುಡಿ. ಓದ್ದೋಳಲ್ವಾ, ಎತ್ಗೂ ರಜ ಕೊಟ್ಟಿಲ್ಲ,” ಎಂದಳು. ಎಲ್ಲರೂ ನಕ್ಕರು.

“ನಾನೇ ಬರೆದದ್ದು ಸರ್. ಎಲ್ಲಾನೂ ಒಂದೇ ದಿನ ಕೂತು ಬರೆದೆ.”

ನಗು ನಿಂತಿತು. ಇಂಜಿನಿಯರ್ ಪುಸ್ತಕ ಮುಚ್ಚಿದರು. “ಹಂಗಾದ್ರೆ ಈ ಸಹಿ ಸುಳ್ಳು. ಅದನ್ನೇ ವರದೀಲಿ ಬರೀಲಾ?”

ತಾವು ಆಡಿದ ಮಾತು ಎಲ್ಲಿಗೆ ಮುಟ್ಟಿತೆಂದು ದೊಡ್ಡಪ್ಪನಿಗೆ ಆಗ ಹೊಳೆದಿರಬೇಕು. ಟವೆಲ್ ಹೆಗಲಿನಿಂದ ಕೈಗೆ ಬಂತು. “ನೋಡಿ ಸೋಮಿ, ಮಗ ತಪ್ ಮಾಡ್ತು. ಎಲ್ಡು ಸೋಮಾರ ತಾನೆ ಕಮ್ಮಿ? ಇಂದ್ಗಡೆ ಮೂಲೆ ಇನ್ನೂ ತಗ್ಗಾಗೇ ಐತೆ. ಇವತ್ತು ಮಂಗ್ಳಾರ. ಈಗ್ಲೇ ಗಾಡಿ ಕಟ್ತೀನಿ.”

ಇಂಜಿನಿಯರ್ ಆ ಎರಡು ಸಾಲುಗಳನ್ನು ಹೊಡೆದುಹಾಕಿದರು. ನಡೆದದ್ದನ್ನು ಕೆಳಗೆ ನನ್ನ ಕೈಯಲ್ಲೇ ಬರೆಸಿ ಸಹಿ ಮಾಡಿಸಿದರು. “ಉಳಿದ ದಿನಗಳದ್ದು ಎಲ್ಲರನ್ನೂ ಕೇಳಿ ಹೊಸದಾಗಿ ಬರೀರಿ. ಈ ಹಾಳೇನೂ ಜೊತೇಲೇ ಕಳಿಸ್ತೀನಿ. ಮೇಲಿನವರು ಒಪ್ತಾರೋ ಇಲ್ವೋ, ನಾನು ಹೇಳಕ್ಕಾಗಲ್ಲ.”

ಅಂದೂ ಮಾರನೆಯ ದಿನವೂ ಕಚೇರಿಗೆ ರಜೆ ಹಾಕಿ ಗಾಡಿಯ ಪಕ್ಕದಲ್ಲೇ ನಿಂತೆ. ಒಂದೊಂದು ಗಾಡಿ ಮಣ್ಣು ಬಿದ್ದಾಗಲೂ ಬರೆದೆ. ನಿಂತುಕೊಂಡೇ ಬರೆದದ್ದಕ್ಕೆ ಅಕ್ಷರ ಸೊಟ್ಟಗಾದವು. ಸಂಜೆ ಮನೆಮನೆಗೂ ಹೋಗಿ ಕೇಳಿದೆ. ಯಾರೂ ಬೈಯಲಿಲ್ಲ, ಕಾಫಿ ಕೊಟ್ಟರು. ಅದರಿಂದಲೂ ಹೆದರಿಕೆ ಕಡಿಮೆಯಾಗಲಿಲ್ಲ.

ಪುರಸಭೆಯಿಂದ ಉತ್ತರ ಇನ್ನೂ ಬಂದಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲು ಕೂತುಕೊಳ್ಳುತ್ತೇನೆ. ಸೋಮವಾರಗಳಂದು ದೊಡ್ಡಪ್ಪ ಎತ್ತುಗಳ ಮೈ ಉಜ್ಜುತ್ತಾ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ: “ಏನವ್ವಾ, ಇವತ್ತು ಗಾಡಿ ಕಟ್ನಾ?”

ನಾನು ಬೇಡವೆಂದು ತಲೆಯಾಡಿಸಿ ಬೇಗ ಬೇಗ ನಡೆಯುತ್ತೇನೆ. ಬಸ್ ನಿಲ್ದಾಣಕ್ಕೆ ಆ ಗೋಡೆಗಳನ್ನು ದಾಟಿಯೇ ಹೋಗಬೇಕು. ಮೊನ್ನೆಯ ಮಳೆಗೆ ಒಳಗೆ ನೀರು ನಿಂತಿದೆ.